ಬಳ್ಳಾರಿ ಜಾಲಿ: ಕುಲ, ನೆಲೆ, ಉಪಯೋಗ, ಉಪದ್ರವ

ಆದೋನಿಯಿಂದ ರಾಯದುರ್ಗಕ್ಕೆ, ಮಡಕಶಿರದಿಂದ ಹಿಂದೂಪುರಕ್ಕೆ, ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಎಡಕ್ಕೂ ಬಲಕ್ಕೂ ಕಾಣುವ ಹಸಿರು ಮುಳ್ಳಿನ ಮೆಳೆಯನ್ನು ನಾವೆಲ್ಲ ನೋಡಿದ್ದೇವೆ. ಬೇಸಿಗೆಯಲ್ಲಿ ಉಳಿದ ಗಿಡಗಳೆಲ್ಲ ಬೋಳಾಗಿ ನಿಂತಾಗಲೂ ಇದೊಂದು ಹಸಿರಾಗಿರುತ್ತದೆ. ಕೆರೆಯಂಗಳ, ಹಳ್ಳದ ದಂಡೆ, ರೈಲು ಹಳಿಯ ಬದಿ, ಬೀಳು ಬಿದ್ದ ಹೊಲ, ಸ್ಮಶಾನ, ಹಳೆಯ ಕೋಟೆಯ ಕಂದಕ, ಎಲ್ಲೆಲ್ಲೂ ಇದೆ. ಅದೇ ಬಳ್ಳಾರಿ ಜಾಲಿ.

ಊರಿನ ಒಲೆ ಉರಿಸಿದ್ದು ಇದೇ ಮರ. ಊರಿನ ಗೋಮಾಳ ನುಂಗಿದ್ದೂ ಇದೇ ಮರ. ಇದನ್ನು ಬೇರುಸಹಿತ ತೆಗೆಯಬೇಕು ಎನ್ನುವವರೂ, ತೆಗೆದರೆ ನಮ್ಮ ಗತಿಯೇನು ಎನ್ನುವವರೂ ಒಂದೇ ಹಳ್ಳಿಯಲ್ಲಿ ಇದ್ದಾರೆ. ಗಡಿಯ ಬೇರೆ ಬೇರೆ ಊರುಗಳ ಸದಸ್ಯರಿಗೆ ಒಂದೆಡೆ ಸಿಗಲೆಂದು ಈ ಮರದ ಬಗ್ಗೆ ಖಚಿತವಾಗಿ ತಿಳಿದಿರುವ ಸಂಗತಿಗಳನ್ನು ಇಲ್ಲಿ ಕೊಟ್ಟಿದ್ದೇವೆ. ಜೊತೆಗೆ ಇದರ ಹತ್ತಿರದ ಬಂಧುವೂ ನಮ್ಮ ನೆಲದ ಮರವೂ ಆದ ಬನ್ನಿಯ ವಿಚಾರವೂ ಇದೆ. ಈ ಎರಡನ್ನೂ ಬೇರೆ ಮಾಡಿ ಗುರುತಿಸಲು ಬಾರದೆ ಬನ್ನಿಯನ್ನೇ ಕಡಿದುಹಾಕುವ ಅಪಾಯವಿದೆ. ಅದನ್ನು ತಪ್ಪಿಸುವುದೂ ಈ ಬರಹದ ಒಂದು ಉದ್ದೇಶ.

ಹೆಸರುಗಳು

ಕನ್ನಡದಲ್ಲಿ ಇದಕ್ಕೆ ಬಳ್ಳಾರಿ ಜಾಲಿ, ಸೀಮೆ ಜಾಲಿ ಎಂಬ ಹೆಸರುಗಳಿವೆ. ತೆಲುಗಿನಲ್ಲಿ ಸರ್ಕಾರು ತುಮ್ಮ, ಸೀಮ ತುಮ್ಮ. ತಮಿಳಿನಲ್ಲಿ ಸೀಮೈ ಕರುವೇಲಂ, ವೇಲಿಕಾತ್ತಾನ್. ಮರಾಠಿಯಲ್ಲಿ ವೇಡೀ ಬಾಭೂಳ, ವಿಲಾಯತಿ ಬಾಭೂಳ. ಹಿಂದಿ, ಉರ್ದುಗಳಲ್ಲಿ ವಿಲಾಯತಿ ಬಬೂಲ್, ವಿಲಾಯತಿ ಕೀಕರ್. ಗುಜರಾತಿಯಲ್ಲಿ ಗಾಂಡೋ ಬಾವಳ.

ಈ ಹೆಸರುಗಳನ್ನು ಒಟ್ಟಿಗಿಟ್ಟು ನೋಡಿದರೆ ಮರದ ಅರ್ಧ ಚರಿತ್ರೆ ಅಲ್ಲೇ ಇದೆ. 'ಸೀಮೆ', 'ವಿಲಾಯತಿ' ಎಂದರೆ ಹೊರದೇಶದಿಂದ ಬಂದದ್ದು. 'ಸರ್ಕಾರು' ಎಂದರೆ ಸರ್ಕಾರ ತಂದು ನೆಟ್ಟದ್ದು. ಮರಾಠಿಯ 'ವೇಡೀ', ಗುಜರಾತಿಯ 'ಗಾಂಡೋ' ಎರಡಕ್ಕೂ ಹುಚ್ಚು ಎಂದೇ ಅರ್ಥ: ಹುಚ್ಚು ಹಿಡಿದಂತೆ ಹಬ್ಬುವ ಜಾಲಿ. ಎಲ್ಲ ಭಾಷೆಯವರೂ ಇದನ್ನು ತಮ್ಮ ಊರಿನ ಹಳೆಯ ಜಾಲಿಗೆ ಹೋಲಿಸಿಯೇ ಹೆಸರಿಟ್ಟರು. ತುಮ್ಮ, ಕರುವೇಲಂ, ಬಾಭೂಳ ಎಲ್ಲವೂ ನಮ್ಮ ಕರಿಜಾಲಿಯ ಹೆಸರುಗಳೇ. ನಿಜವಾಗಿ ನೋಡಿದರೆ ಇದು ಕರಿಜಾಲಿಗಿಂತ ಬನ್ನಿಗೆ ಹತ್ತಿರದ್ದು.

ಮೆಕ್ಸಿಕೋ ಮತ್ತು ಅಮೆರಿಕದಲ್ಲಿ ಈ ಬಳಗದ ಮರಗಳಿಗೆ ಮೆಸ್ಕೀಟ್ ಎನ್ನುತ್ತಾರೆ. ಮೆಕ್ಸಿಕೋದ ಮೂಲನಿವಾಸಿಗಳ ನಾವಾತಲ್ ಭಾಷೆಯ 'ಮಿಸ್ಕಿತ್ಲ್' ಎಂಬ ಪದ ಸ್ಪ್ಯಾನಿಷ್ ಮೂಲಕ ಇಂಗ್ಲಿಷಿಗೆ ಹೋಗಿ ಹೀಗಾಯಿತು. ದಕ್ಷಿಣ ಅಮೆರಿಕದಲ್ಲಿ ಅಲ್ಗರೋಬೋ ಎಂಬ ಹೆಸರು ರೂಢಿ.

ವರ್ಗೀಕರಣ

ಬಳ್ಳಾರಿ ಜಾಲಿ ದ್ವಿದಳ ಧಾನ್ಯಗಳ ದೊಡ್ಡ ಕುಟುಂಬವಾದ ಫ್ಯಾಬೇಸಿಗೆ ಸೇರಿದೆ. ತೊಗರಿ, ಕಡಲೆ, ಹುಣಸೆ, ಹೊಂಗೆ ಎಲ್ಲವೂ ಇದೇ ಕುಟುಂಬ. ಅದರೊಳಗೆ ನಾಚಿಕೆ ಮುಳ್ಳು, ಜಾಲಿ, ಬಾಗೆ ಮುಂತಾದವುಗಳಿರುವ ಮಿಮೋಸಾ ಗುಂಪಿನದು ಇದು.

1788ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಓಲೋಫ್ ಸ್ವಾರ್ಟ್ಸ್ ಇದನ್ನು ಮಿಮೋಸಾ ಜೂಲಿಫ್ಲೋರಾ ಎಂದು ಮೊದಲು ವರ್ಣಿಸಿದ. 1825ರಲ್ಲಿ ಸ್ವಿಟ್ಜರ್ಲೆಂಡಿನ ದ ಕಾಂಡೋಲ್ ಅದನ್ನು ಪ್ರೊಸೋಪಿಸ್ ಕುಲಕ್ಕೆ ಸೇರಿಸಿದ. ಹೀಗೆ ಪ್ರೊಸೋಪಿಸ್ ಜೂಲಿಫ್ಲೋರಾ ಎಂಬ ಹೆಸರು ಸುಮಾರು 200 ವರ್ಷ ನಿಂತಿತು. ಜೂಲಿಫ್ಲೋರಾ ಎಂದರೆ ಜೋತುಬೀಳುವ ತೆನೆಯಂಥ ಹೂಗೊಂಚಲು ಇರುವುದು.

1976ರಲ್ಲಿ ಅರ್ಜೆಂಟೀನಾದ ಆರ್ಟುರೋ ಬುರ್ಕಾರ್ಟ್ ಈ ಕುಲವನ್ನು ಪೂರ್ತಿಯಾಗಿ ಪರಿಶೀಲಿಸಿ 44 ಪ್ರಭೇದಗಳನ್ನು ಗುರುತಿಸಿದರು. ಅವುಗಳಲ್ಲಿ 40 ಅಮೆರಿಕ ಖಂಡಗಳವು. ಉಳಿದ ನಾಲ್ಕು ಮಾತ್ರ ಏಷ್ಯಾ ಮತ್ತು ಆಫ್ರಿಕಾದವು. ನಮ್ಮ ಬನ್ನಿ, ಅಂದರೆ ಪ್ರೊಸೋಪಿಸ್ ಸಿನರೇರಿಯಾ, ಆ ನಾಲ್ಕರಲ್ಲಿ ಒಂದು.

ಈಚೆಗೆ ವಂಶವಾಹಿಗಳ ಅಧ್ಯಯನದಿಂದ ಒಂದು ವಿಷಯ ಸ್ಪಷ್ಟವಾಯಿತು. ನೋಡಲು ಹೋಲುವ ಈ ಮರಗಳೆಲ್ಲ ಒಂದೇ ಬೇರಿನವಲ್ಲ. 2022ರಲ್ಲಿ ಕಾಲಿನ್ ಹ್ಯೂಸ್ ಮತ್ತು ಜೊತೆಗಾರರು ಕುಲವನ್ನು ಒಡೆದು ಬೇರೆ ಬೇರೆ ಮಾಡಿದರು. ಅಮೆರಿಕದ ಬಹುಪಾಲು ಮೆಸ್ಕೀಟ್ ಮರಗಳು ನೆಲ್ಟುಮಾ ಎಂಬ ಕುಲಕ್ಕೆ ಹೋದವು. ಆದ್ದರಿಂದ ಬಳ್ಳಾರಿ ಜಾಲಿಯ ಈಗಿನ ಹೆಸರು ನೆಲ್ಟುಮಾ ಜೂಲಿಫ್ಲೋರಾ. ಪ್ರೊಸೋಪಿಸ್ ಎಂಬ ಮೂಲ ಹೆಸರು ಬನ್ನಿಯ ಬಳಿಯೇ ಉಳಿಯಿತು. ಲಿನೇಯಸ್ 1767ರಲ್ಲಿ ಆ ಕುಲವನ್ನು ಹೆಸರಿಸಿದ್ದೇ ನಮ್ಮ ನಾಡಿನ ಬನ್ನಿಯನ್ನು ಆಧಾರವಾಗಿಟ್ಟುಕೊಂಡು. ಅತಿಥಿ ಹೊಸ ಹೆಸರು ಪಡೆಯಿತು, ಮನೆಯ ಮರ ಹಳೆಯ ಹೆಸರನ್ನೇ ಉಳಿಸಿಕೊಂಡಿತು. ಆದರೆ ಸರ್ಕಾರಿ ಕಡತಗಳಲ್ಲಿ, ಕೃಷಿ ಇಲಾಖೆಯ ಕರಪತ್ರಗಳಲ್ಲಿ ಹಳೆಯ ಹೆಸರೇ ಇನ್ನೂ ಹೆಚ್ಚು. ಕೆಲವು ಹಳೆಯ ಪುಸ್ತಕಗಳಲ್ಲಿ ಇದನ್ನು ತಪ್ಪಾಗಿ ಪ್ರೊಸೋಪಿಸ್ ಚಿಲೆನ್ಸಿಸ್ ಎಂದೂ ಬರೆದಿದ್ದಾರೆ, ಓದುವಾಗ ಗಮನದಲ್ಲಿರಲಿ.

ಗುರುತಿಸುವ ಬಗೆ

ನಮ್ಮ ಕಡೆ ಗೊಂದಲವಾಗುವುದು ಮೂರು ಮರಗಳ ನಡುವೆ. ಹೂವು, ಕಾಯಿ, ಮುಳ್ಳು ಈ ಮೂರನ್ನು ನೋಡಿದರೆ ಸಾಕು.

ಬಳ್ಳಾರಿ ಜಾಲಿ: ಬುಡದಿಂದಲೇ ಹಲವು ಕವಲಾಗಿ ಮೆಳೆಯಂತೆ ಬೆಳೆಯುತ್ತದೆ, ಬಿಟ್ಟರೆ 10 ಮೀಟರ್ ಎತ್ತರದ ಮರವೂ ಆಗುತ್ತದೆ. ಎಳೆ ರೆಂಬೆಗಳು ಅಂಕುಡೊಂಕಾಗಿ ಜೋತುಬೀಳುತ್ತವೆ. ಎಲೆಯ ಬುಡದ ಗೆಣ್ಣಿನಲ್ಲಿ ಜೋಡಿ ಮುಳ್ಳು. ಹೂವು ಹಸಿರು ಮಿಶ್ರಿತ ಹಳದಿ, ಬೆರಳುದ್ದದ ತೆನೆ. ಕಾಯಿ 10ರಿಂದ 25 ಸೆಂ.ಮೀ. ಉದ್ದ, ಚಪ್ಪಟೆ, ನೆಟ್ಟಗೆ ಅಥವಾ ಕುಡುಗೋಲಿನಂತೆ ಬಾಗಿದ್ದು, ಹಣ್ಣಾದಾಗ ಹಳದಿ, ಸಿಹಿ.

ಕರಿಜಾಲಿ: ಒಂದೇ ಕಾಂಡ, ಕಪ್ಪು ಬಿರುಕಿನ ತೊಗಟೆ. ಉದ್ದನೆಯ ಬೆಳ್ಳಗಿನ ನೆಟ್ಟನೆ ಮುಳ್ಳು. ಹೂವು ಬಂಗಾರದ ಬಣ್ಣದ ದುಂಡನೆ ಚೆಂಡು. ಕಾಯಿ ಮಣಿಸರದಂತೆ ಬೀಜಬೀಜಕ್ಕೂ ಕತ್ತರಿಸಿದ ಹಾಗೆ ಕಿರಿದಾಗಿರುತ್ತದೆ, ಬೂದು ಬಣ್ಣ.

ಬನ್ನಿ: ಒಂದೇ ಕಾಂಡ, ಬೂದು ತೊಗಟೆ, ಆಳದ ಬಿರುಕು. ಮುಳ್ಳು ಸಣ್ಣದು, ಬುಡ ಅಗಲ, ಗುಲಾಬಿ ಮುಳ್ಳಿನ ಹಾಗೆ. ಗೆಣ್ಣಿನಲ್ಲಿ ಜೋಡಿಯಾಗಿರದೆ ರೆಂಬೆಯುದ್ದಕ್ಕೂ ಅಲ್ಲಲ್ಲಿ ಚೆದುರಿರುತ್ತದೆ. ಹೂವು ಸಣ್ಣ ಹಳದಿ ತೆನೆ. ಕಾಯಿ ದಾರದಂತೆ ತೆಳ್ಳಗೆ, ದುಂಡಗೆ, ಜೋತಾಡುತ್ತದೆ.

ಹೂವು ಚೆಂಡಿನಂತಿದ್ದರೆ ಕರಿಜಾಲಿ. ಹೂವು ತೆನೆಯಂತಿದ್ದು ಮುಳ್ಳು ಜೋಡಿಯಾಗಿದ್ದರೆ ಬಳ್ಳಾರಿ ಜಾಲಿ. ಹೂವು ತೆನೆಯಂತಿದ್ದು ಮುಳ್ಳು ಚೆದುರಿದ್ದರೆ ಬನ್ನಿ. ಮಕ್ಕಳಿಗೂ ಇಷ್ಟು ಹೇಳಿಕೊಟ್ಟರೆ ಸಾಕು. ಮುಳ್ಳೇ ಇಲ್ಲದ ಬಳ್ಳಾರಿ ಜಾಲಿ ಗಿಡಗಳೂ ಅಪರೂಪಕ್ಕೆ ಸಿಗುತ್ತವೆ. ಆಗ ಕಾಯಿಯೇ ಗುರುತು.

ಮೂಲ ನೆಲೆ ಮತ್ತು ಬಂದ ದಾರಿ

ಇದರ ತವರು ಮೆಕ್ಸಿಕೋ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. ಅಲ್ಲಿಂದ ಬೇರೆ ಖಂಡಗಳಿಗೆ ಮನುಷ್ಯನೇ ಒಯ್ದ.

ಭಾರತಕ್ಕೆ ಬಂದದ್ದು ನಮ್ಮ ಗಡಿನಾಡಿನ ಮಗ್ಗುಲಿಗೇ. ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿಗಳು ಒಣಸೀಮೆಯ ಉರುವಲಿನ ಕೊರತೆ ನೀಗಲೆಂದು ಬೀಜ ಕೇಳಿ ಬರೆದರು. 1877ರಲ್ಲಿ ಜಮೈಕಾದಿಂದ ಬಂದ ಬೀಜವನ್ನು ಕಡಪ ಜಿಲ್ಲೆಯ ಕಮಲಾಪುರದಲ್ಲಿ ಹಾಕಿದರು. ಮರುವರ್ಷ ಸಿಂಧ್ ಪ್ರಾಂತಕ್ಕೂ ಬೀಜ ಹೋಯಿತು. 1877 ಎಂದರೆ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದ ಕಾಲ. ಬಳ್ಳಾರಿ, ಕರ್ನೂಲು, ಕಡಪ ಸೀಮೆಗಳಲ್ಲಿ ಜನ, ದನ ಎರಡೂ ಗುಂಪುಗುಂಪಾಗಿ ಸತ್ತ ವರ್ಷಗಳು. ನೀರಿಲ್ಲದೆಯೂ ಬೆಳೆಯುವ ಮರವೊಂದು ಸಿಕ್ಕಿತೆಂದರೆ ಆಗ ಅದು ವರವೇ.

ಆಗ ಬಳ್ಳಾರಿ ಜಿಲ್ಲೆ ಇಂದಿನಷ್ಟು ಚಿಕ್ಕದಾಗಿರಲಿಲ್ಲ. ಅನಂತಪುರ ಜಿಲ್ಲೆ ಅದರಿಂದ ಬೇರೆಯಾದದ್ದು 1882ರಲ್ಲಿ. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದ್ದು 1953ರಲ್ಲಿ. ಹೀಗಾಗಿ ಕಡಪದಿಂದ ಬಳ್ಳಾರಿ ಸೀಮೆಯ ಉದ್ದಕ್ಕೂ ಹಬ್ಬಿದ ಈ ಮರಕ್ಕೆ ಮೈಸೂರು ಕಡೆಯವರು ಬಳ್ಳಾರಿ ಜಾಲಿ ಎಂದದ್ದರಲ್ಲಿ ಆಶ್ಚರ್ಯವಿಲ್ಲ. ಮರ ಜಮೈಕಾದ್ದು, ಹೆಸರು ಬಳ್ಳಾರಿಯದು. ಪಾಪ, ಬಳ್ಳಾರಿಯದೇನೂ ತಪ್ಪಿಲ್ಲ.

ಮುಂದೆ ಸಂಸ್ಥಾನಗಳೂ ಇದನ್ನು ಬೆಳೆಸಿದವು. ಜೋಧಪುರ ಸಂಸ್ಥಾನ 1940ರಲ್ಲಿ ಇದನ್ನು ರಾಜಮರವೆಂದು ಸಾರಿ ರಕ್ಷಣೆ ಕೊಟ್ಟಿತು. ಸ್ವಾತಂತ್ರ್ಯದ ಬಳಿಕ 1960ರ ದಶಕದಲ್ಲಿ ಗುಜರಾತಿನ ಕಚ್ಛ್ ರಣದ ಉಪ್ಪು ಮುಂದಕ್ಕೆ ಬಾರದಂತೆ ತಡೆಯಲು ಬನ್ನಿ ಎಂಬ ಹುಲ್ಲುಗಾವಲಿನ ಅಂಚಿನಲ್ಲಿ ದೊಡ್ಡ ಪ್ರಮಾಣದಲ್ಲಿ ನೆಟ್ಟರು. ಆ ಬನ್ನಿ ಊರಿನ ಹೆಸರು ಮಾತ್ರ, ಮರದ ಹೆಸರಲ್ಲ. ಇಂದು ಅಲ್ಲಿಯ ಹುಲ್ಲುಗಾವಲಿನ ಬಹುಭಾಗವನ್ನು ಗಾಂಡೋ ಬಾವಳ ಆಕ್ರಮಿಸಿದೆ.

ಹೊರದೇಶಗಳಲ್ಲೂ ಇದೇ ಕಥೆ. ಕೆನ್ಯಾದ ಬರಿಂಗೋ ಪ್ರದೇಶಕ್ಕೆ 1980ರ ದಶಕದಲ್ಲಿ ಉರುವಲಿಗೆಂದು ತಂದರು. ಸಿಹಿ ಕಾಯಿ ತಿಂದು ತಿಂದು ಮೇಕೆಗಳ ಹಲ್ಲು ಹಾಳಾಯಿತೆಂದು ಅಲ್ಲಿನ ಪಶುಪಾಲಕರು ಸರ್ಕಾರದ ಮೇಲೆ ಮೊಕದ್ದಮೆ ಹೂಡಿ, ಹಲ್ಲಿಲ್ಲದ ಮೇಕೆಯನ್ನೇ ಸಾಕ್ಷಿಯಾಗಿ ಕರೆದೊಯ್ದದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಇಥಿಯೋಪಿಯಾದ ಅಫಾರ್ ಪ್ರದೇಶ, ಸುಡಾನ್, ಶ್ರೀಲಂಕಾದ ಹಂಬನ್‌ತೋಟ ಎಲ್ಲ ಕಡೆ ಇದು ಕಾಡುತ್ತಿದೆ. ಆಸ್ಟ್ರೇಲಿಯಾ ಮೆಸ್ಕೀಟ್ ಬಳಗವನ್ನೇ ರಾಷ್ಟ್ರೀಯ ಮಟ್ಟದ ಕಳೆಗಳ ಪಟ್ಟಿಗೆ ಸೇರಿಸಿದೆ.

ನಮ್ಮ ಗಡಿಯೂರುಗಳಲ್ಲಿ ಇದರ ಹರವು

ವರ್ಷಕ್ಕೆ 150ರಿಂದ 750 ಮಿ.ಮೀ. ಮಳೆ ಬೀಳುವ ಬಿಸಿ ಒಣಸೀಮೆ ಇದಕ್ಕೆ ಹೇಳಿ ಮಾಡಿಸಿದ್ದು. ಉಪ್ಪು ಮಣ್ಣು, ಸವಳು, ಕಲ್ಲುನೆಲ ಯಾವುದಕ್ಕೂ ಅಂಜುವುದಿಲ್ಲ. ಹಿಮ ಬೀಳುವ ಚಳಿಯನ್ನು ಮಾತ್ರ ತಾಳದು.

ಆದ್ದರಿಂದ ಆದೋನಿ, ಆಲೂರು, ರಾಯದುರ್ಗ, ಮಡಕಶಿರ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮತ್ತು ಪಶ್ಚಿಮ ತೆಲಂಗಾಣದ ಸದಸ್ಯರಿಗೆ ಇದು ದಿನನಿತ್ಯದ ಮರ. ತಮಿಳುನಾಡಿನ ಕಡೆ ಬಂದರೆ, ತಾಳವಾಡಿಯ ಕೆಳಗೆ ಮೋಯಾರ್ ಕಣಿವೆ ಮತ್ತು ಭವಾನಿಸಾಗರದ ಅಂಚಿನಲ್ಲಿ ಹಬ್ಬಿದೆ. ಉದಕಮಂಡಲದ ಎತ್ತರದಲ್ಲಿ, ಕಾಸರಗೋಡಿನ ಮಳೆನಾಡಿನಲ್ಲಿ, ವಯನಾಡಿನಲ್ಲಿ, ಗೋವೆಯ ಘಟ್ಟದಲ್ಲಿ ಇದರ ಕಾಟವಿಲ್ಲ. ಅಲ್ಲಿನವರಿಗೆ ಬೇರೆ ಹೊರಗಿನ ಗಿಡಗಳ ತಲೆನೋವು ಇದ್ದೇ ಇದೆ. ವಯನಾಡಿನ ಕಾಡಿನಲ್ಲಿ ಮಂಜ ಕೊನ್ನ, ನೀಲಗಿರಿಯಲ್ಲಿ ಲಂಟಾನ ಮತ್ತು ವಾಟಲ್. ಮರ ಬೇರೆಯಾದರೂ ಪಾಠ ಒಂದೇ.

ಹಬ್ಬುವ ಗುಟ್ಟು

ಕಾಯಿ ಸಿಹಿ. ಕುರಿ, ಮೇಕೆ, ದನ, ಕಾಡುಹಂದಿ, ಕೃಷ್ಣಮೃಗ, ಆನೆ ಎಲ್ಲವೂ ಇಷ್ಟಪಟ್ಟು ತಿನ್ನುತ್ತವೆ. ಒಳಗಿನ ಬೀಜಕ್ಕೆ ಗಟ್ಟಿ ಕವಚವಿದೆ. ಹೊಟ್ಟೆಯಲ್ಲಿ ಕರಗದೆ, ಸಗಣಿ ಹಿಕ್ಕೆಗಳ ಜೊತೆ ಹೊರಬೀಳುತ್ತದೆ. ಹೊಟ್ಟೆಯೊಳಗೆ ಕವಚ ಮೆತ್ತಗಾಗಿ, ಹೊರಗೆ ಗೊಬ್ಬರವೂ ಸಿಕ್ಕಿ, ಮೊದಲ ಮಳೆಗೇ ಮೊಳೆಯುತ್ತದೆ. ಎಲೆಯನ್ನು ಮಾತ್ರ ಯಾವ ಪ್ರಾಣಿಯೂ ಒಲಿದು ಮೇಯುವುದಿಲ್ಲ. ಹಣ್ಣಿಗೆ ಆಸೆ ತೋರಿಸಿ ಬೀಜ ಹೊರಿಸುತ್ತದೆ, ಎಲೆಯಲ್ಲಿ ಕಹಿ ಇಟ್ಟು ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ. ಹಳ್ಳದ ನೀರೂ ಕಾಯಿಯನ್ನು ದೂರಕ್ಕೆ ಒಯ್ಯುತ್ತದೆ. ಕೆರೆಯಂಗಳಗಳಲ್ಲಿ ಇದು ದಟ್ಟವಾಗಿರುವುದಕ್ಕೆ ಅದೂ ಕಾರಣ.

ಕಡಿದರೆ ಸಾಯುವುದಿಲ್ಲ. ನೆಲಮಟ್ಟದ ಕೆಳಗೆ ಬೇರಿನ ತಲೆಯಲ್ಲಿ ಮಲಗಿರುವ ಮೊಗ್ಗುಗಳು ಎದ್ದು, ಒಂದು ಕಾಂಡವಿದ್ದ ಕಡೆ ಹತ್ತು ಚಿಗುರು ಬರುತ್ತವೆ. ಬೇರು ಬಹಳ ಆಳಕ್ಕೆ ಇಳಿಯುತ್ತದೆ. ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ ಮೆಸ್ಕೀಟ್ ಬೇರು 53 ಮೀಟರ್ ಆಳದಲ್ಲಿ ಸಿಕ್ಕಿದ್ದು ದಾಖಲಾಗಿದೆ.

ಉಪಯೋಗಗಳು

ಸೌದೆ: ಗಟ್ಟಿ ಕಟ್ಟಿಗೆ, ಹೆಚ್ಚು ಕಾವು, ನಿಧಾನ ಉರಿ, ಹಸಿಯಿದ್ದರೂ ಹತ್ತಿಕೊಳ್ಳುತ್ತದೆ. ಗ್ಯಾಸ್ ಬರುವ ಮೊದಲು ಒಣಸೀಮೆಯ ಹಳ್ಳಿಗಳ ಒಲೆ ಹೆಚ್ಚಾಗಿ ಇದರಿಂದಲೇ ಉರಿಯಿತು. ಸಿಲಿಂಡರ್ ತುಂಬಿಸಲು ಹಣವಿಲ್ಲದ ಮನೆಗಳಲ್ಲಿ ಇಂದಿಗೂ ಇದೇ. ಇಟ್ಟಿಗೆ ಗೂಡು, ಸುಣ್ಣದ ಗೂಡು, ಬೇಕರಿ, ಹೋಟೆಲುಗಳಿಗೂ ಹೋಗುತ್ತದೆ. ಇದೊಂದು ಇದ್ದುದರಿಂದ ಎಷ್ಟೋ ಕರಿಜಾಲಿ, ಬೇವು, ಹುಣಸೆ ಮರಗಳು ಕೊಡಲಿಯಿಂದ ಉಳಿದವು ಎಂಬುದನ್ನೂ ಮರೆಯಬಾರದು.

ಇದ್ದಿಲು: ಕಟ್ಟಿಗೆಯನ್ನು ಒಟ್ಟಿ, ಮೇಲೆ ಸೊಪ್ಪು ಮಣ್ಣು ಮುಚ್ಚಿ, ಗಾಳಿಯಾಡದಂತೆ ಕೆಲವು ದಿನ ಸುಟ್ಟು ಇದ್ದಿಲು ಮಾಡುತ್ತಾರೆ. ತಮಿಳುನಾಡಿನ ರಾಮನಾಥಪುರ ಸೀಮೆಯಲ್ಲಿ ಇದು ದೊಡ್ಡ ಕಸುಬು. ಗುಜರಾತಿನ ಕಚ್ಛ್‌ನಲ್ಲೂ ಸಾವಿರಾರು ಕುಟುಂಬಗಳ ಸಂಪಾದನೆ ಇದರಲ್ಲಿದೆ. ನಮ್ಮ ಕಡೆ ಬರಗಾಲದಲ್ಲಿ ಹೊಲದ ಕೂಲಿ ಇಲ್ಲದಾಗ ಕೈ ಹಿಡಿಯುವ ಕೆಲಸ.

ಕಾಯಿ: ಹಣ್ಣಾದ ಕಾಯಿಯ ತಿರುಳಿನಲ್ಲಿ ಸಕ್ಕರೆ ಹೇರಳ; ಪ್ರೋಟೀನೂ ಚೆನ್ನಾಗಿದೆ. ಬೇಸಿಗೆಯಲ್ಲಿ ಹುಲ್ಲಿಲ್ಲದಾಗ ಕುರಿಗಾಹಿಗಳಿಗೆ ಇದು ಆಸರೆ. ಆದರೆ ಇದನ್ನೇ ಪೂರ್ತಿ ಮೇವಾಗಿ ಕೊಡಬಾರದು. ಇದರಲ್ಲಿರುವ ಜೂಲಿಪ್ರೊಸೋಪಿನ್ ಎಂಬ ಕ್ಷಾರ ವಸ್ತು ನರಗಳಿಗೆ ಹಾನಿ ಮಾಡಿ, ದವಡೆ ಸೆಟೆದು ಮೆಲುಕು ಹಾಕಲಾರದ ಕಾಯಿಲೆ ತರುತ್ತದೆ. ಬ್ರೆಜಿಲ್ ದೇಶದ ರೈತರು ಇದನ್ನು 'ಸೊಟ್ಟಮೂತಿ' ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಕಾಯಿಯನ್ನು ಚೆನ್ನಾಗಿ ಒಣಗಿಸಿ, ಬೀಜವೂ ಸೇರುವಂತೆ ಬೀಸಿ, ಬೇರೆ ಹಿಂಡಿ ಹೊಟ್ಟುಗಳೊಡನೆ ಬೆರೆಸಿ ಕೊಡುವುದು ಸರಿಯಾದ ಕ್ರಮ. ಬೀಸಿದರೆ ಬೀಜವೂ ಸಾಯುತ್ತದೆ. ಮೇವೂ ಆಯಿತು, ಹಬ್ಬುವುದೂ ನಿಂತಿತು. ಪ್ರಮಾಣವನ್ನು ಪಶುವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಿ.

ಮನುಷ್ಯರ ಆಹಾರ: ಪೆರು ದೇಶದಲ್ಲಿ ಇದರ ಹತ್ತಿರದ ಬಂಧುವಾದ ಇನ್ನೊಂದು ಪ್ರಭೇದದ ಕಾಯಿಯಿಂದ ಬೆಲ್ಲದ ಪಾಕದಂಥ ಅಲ್ಗರೋಬಿನಾ ತಯಾರಿಸುತ್ತಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಮೆಸ್ಕೀಟ್ ಕಾಯಿಯ ಹಿಟ್ಟನ್ನು ಶತಮಾನಗಳಿಂದ ಉಂಡಿದ್ದಾರೆ. ಮರ ನಮ್ಮಲ್ಲಿಗೆ ಬಂತು, ಆ ಅಡುಗೆಯ ತಿಳಿವಳಿಕೆ ಅದರ ಜೊತೆ ಬರಲಿಲ್ಲ.

ಜೇನು, ಅಂಟು: ವರ್ಷಕ್ಕೆ ಎರಡು ಸಲ ಹೂ ಬಿಡುವ ಕಡೆಗಳಲ್ಲಿ ಜೇನುಹುಳುಗಳಿಗೆ ಇದು ಒಳ್ಳೆಯ ಮೇವು. ಕಾಂಡದಿಂದ ಒಸರುವ ಅಂಟನ್ನೂ ಸಂಗ್ರಹಿಸಿ ಮಾರುತ್ತಾರೆ.

ಮರಮುಟ್ಟು: ಕಟ್ಟಿಗೆ ಗಟ್ಟಿ, ಒಣಗಿದಾಗ ಹೆಚ್ಚು ಸೊಟ್ಟಗಾಗುವುದಿಲ್ಲ, ಬಣ್ಣವೂ ಚೆಂದ. ಆದರೆ ನೆಟ್ಟನೆಯ ಉದ್ದ ಕಾಂಡ ಸಿಗುವುದು ಅಪರೂಪ. ಹಾಗಾಗಿ ನಮ್ಮ ಬಡಗಿಗಳು ಕೊಡಲಿ, ಗುದ್ದಲಿಗಳ ಕಾವು, ಬೇಲಿಯ ಗೂಟ ಇಷ್ಟಕ್ಕೇ ಬಳಸುತ್ತಾರೆ.

ಮಣ್ಣು: ದ್ವಿದಳ ಜಾತಿಯಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುತ್ತದೆ. ಸವಳು ನೆಲವನ್ನು ಸುಧಾರಿಸಲು, ಹಾರುವ ಮರಳನ್ನು ಹಿಡಿದಿಡಲು ಉಪಯೋಗವಾಗಿದೆ. ರಾಯದುರ್ಗದ ಬಳಿ ಹಗರಿ ದಂಡೆಯ ಕಣೇಕಲ್ಲು, ಬೊಮ್ಮನಹಾಳ ಕಡೆಯ ಮರಳು ದಿಬ್ಬಗಳನ್ನು ನೋಡಿದವರಿಗೆ ಮರಳು ಹಿಡಿಯುವ ಬೇರಿನ ಬೆಲೆ ಗೊತ್ತು. ಅಂಥ ನೆಲದಲ್ಲಿ ಬೇರೆ ಗಿಡ ಬೇರು ಬಿಡುವ ಮೊದಲೇ ಎಲ್ಲವನ್ನೂ ಒಮ್ಮೆಲೆ ಬೋಳಿಸುವುದು ಜಾಣತನವಲ್ಲ.

ಉಪದ್ರವಗಳು

ಮೊದಲನೆಯದು ಹುಲ್ಲುಗಾವಲಿನ ನಾಶ. ದಟ್ಟ ಮೆಳೆಯ ಅಡಿಯಲ್ಲಿ ಹುಲ್ಲು ಹುಟ್ಟುವುದಿಲ್ಲ. ನೆರಳಿನ ಜೊತೆಗೆ ಉದುರಿದ ಎಲೆಯ ರಸವೂ ಬೇರೆ ಬೀಜಗಳ ಮೊಳಕೆಯನ್ನು ತಡೆಯುತ್ತದೆ. ಗೋಮಾಳ ಹೋದರೆ ಮೊದಲು ಸೋಲುವುದು ಸ್ವಂತ ಹೊಲವಿಲ್ಲದ ಕುರಿಗಾಹಿ.

ಎರಡನೆಯದು ಬಯಲಿನ ಪ್ರಾಣಿಪಕ್ಷಿಗಳಿಗೆ ಆಗುವ ತೊಂದರೆ. ಎರ್ಲಡ್ಡು ಅಥವಾ ಎರೆಭೂತ ಎಂದು ಕರೆಯುವ ದೊಡ್ಡ ಹಕ್ಕಿಗೆ, ಮರಾಠಿಯಲ್ಲಿ ಮಾಳಢೋಕ್, ತೆಲುಗಿನಲ್ಲಿ ಬಟ್ಟಮೇಕ ಎನ್ನುವ ಹಕ್ಕಿಗೆ, ಬದುಕಲು ತೆರೆದ ಹುಲ್ಲುಬಯಲು ಬೇಕೇಬೇಕು. ಸೊಲ್ಲಾಪುರದ ಬಳಿಯ ನಾನಜ್, ನಂದ್ಯಾಲ ಜಿಲ್ಲೆಯ ರೊಳ್ಳಪಾಡು, ಬಳ್ಳಾರಿಯ ಸಿರುಗುಪ್ಪ ಈ ಮೂರೂ ಅದರ ಕೊನೆಯ ನೆಲೆಗಳ ಸಾಲಿನವು, ಮೂರೂ ನಮ್ಮ ಗಡಿಸೀಮೆಯವು. ಮಡಕಶಿರಕ್ಕೆ ಹತ್ತಿರದ ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಜಯಮಂಗಲಿ ಸಂರಕ್ಷಿತ ಪ್ರದೇಶವಿದೆ. ಬಯಲು ಮುಚ್ಚಿಕೊಂಡರೆ ಇವುಗಳಿಗೆ ಹೋಗಲು ಬೇರೆ ಜಾಗವಿಲ್ಲ.

ಮೂರನೆಯದು ನೀರು. ಕೆರೆಯಂಗಳ, ಕಾಲುವೆಗಳಲ್ಲಿ ಬೆಳೆದು ಹೂಳು ಹಿಡಿದಿಟ್ಟು, ನೀರಿನ ದಾರಿ ಕಟ್ಟುತ್ತದೆ. ವರ್ಷವಿಡೀ ಹಸಿರಾಗಿರುವ, ಆಳದ ಬೇರಿನ ಮರವಾದ್ದರಿಂದ ಬೇಸಿಗೆಯಲ್ಲೂ ನೆಲದ ತೇವ ಎಳೆಯುತ್ತಲೇ ಇರುತ್ತದೆ.

ನಾಲ್ಕನೆಯದು ಮುಳ್ಳು. ಸೈಕಲ್, ಟ್ರ್ಯಾಕ್ಟರ್ ಟಯರು ಪಂಕ್ಚರ್ ಮಾಡುವುದು ಸಣ್ಣದು. ಕಾಲಿಗೆ, ಕೀಲಿಗೆ ಚುಚ್ಚಿ ಮುರಿದರೆ ಬಾವು ಬಂದು ತಿಂಗಳುಗಟ್ಟಲೆ ಕಾಡುತ್ತದೆ. ಮುಳ್ಳು ಒಳಗೆ ಮುರಿದಿದ್ದರೆ, ಕೀಲಿನ ಬಳಿ ಅಥವಾ ಕಣ್ಣಿಗೆ ತಾಗಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರ ಬಳಿ ಹೋಗಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ.

ನಂಬಬಾರದ ಮಾತುಗಳು

ಮೊಬೈಲಿನಲ್ಲಿ ಸುತ್ತುವ ಕೆಲವು ಸಂದೇಶಗಳಿಗೆ ಆಧಾರವಿಲ್ಲ. ಈ ಮರ ಆಮ್ಲಜನಕ ಬಿಡುವುದೇ ಇಲ್ಲ, ಬರೀ ವಿಷಗಾಳಿ ಬಿಡುತ್ತದೆ ಎಂಬುದು ಸುಳ್ಳು. ಎಲ್ಲ ಹಸಿರು ಗಿಡಗಳಂತೆಯೇ ಇದೂ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ಇದರ ನೆರಳಿನಲ್ಲಿ ಕಟ್ಟಿದ ಹಸು ಬಂಜೆಯಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ. ಮೋಡವನ್ನೇ ಹೀರಿ ಮಳೆ ತಪ್ಪಿಸುತ್ತದೆ ಎಂಬುದೂ ಹಾಗೆಯೇ. ಮರದ ಮೇಲೆ ಹೊರಿಸಲು ನಿಜವಾದ ಆರೋಪಗಳೇ ಬೇಕಾದಷ್ಟಿವೆ, ಸುಳ್ಳಿನ ನೆರವು ಬೇಕಿಲ್ಲ. ಸುಳ್ಳು ನಂಬಿ ಆತುರದಲ್ಲಿ ಕಡಿದರೆ ಮುಂದಿನ ವರ್ಷ ಮೆಳೆ ಇಮ್ಮಡಿಯಾಗುತ್ತದೆ.

ತಮಿಳುನಾಡಿನ ಅನುಭವ ಇದಕ್ಕೆ ಉದಾಹರಣೆ. 2017ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಸೀಮೈ ಕರುವೇಲಂ ತೆಗೆಯಲು ಆದೇಶಿಸಿತು. ಸರಿಯಾದ ಅಧ್ಯಯನವಿಲ್ಲದೆ ತೆಗೆದರೆ ಪರಿಸರಕ್ಕೂ ಬಡವರಿಗೂ ಏನಾದೀತೆಂಬ ಪ್ರಶ್ನೆ ಎದ್ದು, ಅದೇ ವರ್ಷ ಆ ಕೆಲಸಕ್ಕೆ ತಡೆ ಬಿತ್ತು. 2022ರಲ್ಲಿ ಅಲ್ಲಿನ ಸರ್ಕಾರ ಹೊರಗಿನಿಂದ ಬಂದು ಹಬ್ಬುವ ಸಸ್ಯಗಳ ಬಗ್ಗೆ ಪ್ರತ್ಯೇಕ ನೀತಿಯನ್ನೇ ತಂದಿತು. ಅದರಲ್ಲಿ ತೆಗೆಯುವುದರ ಜೊತೆಗೆ ಆ ಜಾಗದಲ್ಲಿ ನಾಡಿನ ಗಿಡಗಳನ್ನು ಮರಳಿ ಬೆಳೆಸುವುದಕ್ಕೂ ಸ್ಥಾನವಿದೆ.

ತೆಗೆಯುವುದಾದರೆ

ಮೊದಲ ನಿಯಮ, ಬರೀ ಕಡಿದು ಬಿಡಬೇಡಿ. ಎಳೆಯ ಸಸಿಗಳನ್ನು ಮಳೆ ಬಿದ್ದು ನೆಲ ಮೆತ್ತಗಿರುವಾಗ ಬೇರುಸಹಿತ ಕೀಳಿ. ಬೆಳೆದ ಗಿಡವಾದರೆ ಬುಡದ ಸುತ್ತ ಅಗೆದು, ನೆಲಮಟ್ಟದಿಂದ ಒಂದು ಅಡಿ ಕೆಳಗೆ ಬೇರಿನ ತಲೆಯನ್ನೇ ಕಡಿದು ತೆಗೆಯಬೇಕು. ದೊಡ್ಡ ಜಾಗಕ್ಕೆ ಜೆಸಿಬಿ ಬೇಕಾಗುತ್ತದೆ.

ಎರಡನೆಯದು, ಕಾಯಿ ಹಣ್ಣಾಗುವ ಮೊದಲೇ ಕೆಲಸ ಮುಗಿಸಿ. ಹಣ್ಣಾಗಿದ್ದರೆ ಕಾಯಿಯನ್ನು ಆರಿಸಿ ಬೀಸಲು ಕೊಡಿ. ಅಲ್ಲೇ ಬಿಟ್ಟರೆ ಮೊಳೆಯುತ್ತದೆ.

ಮೂರನೆಯದು, ಕೆಲವು ವರ್ಷ ಮಳೆಗಾಲದಲ್ಲಿ ಮತ್ತೆ ಹೋಗಿ ನೋಡಿ. ಮಣ್ಣಿನಲ್ಲಿ ಬೀಜ ಬಹುಕಾಲ ಉಳಿಯುತ್ತದೆ.

ನಾಲ್ಕನೆಯದು, ತೆರವಾದ ಜಾಗವನ್ನು ಖಾಲಿ ಬಿಡಬೇಡಿ. ಮೊದಲು ಹುಲ್ಲುಬಯಲಾಗಿದ್ದರೆ ಹುಲ್ಲಿಗೇ ಬಿಡಿ, ಅಲ್ಲಿ ಮರ ನೆಡುವುದೂ ತಪ್ಪು. ಬದು, ಬೇಲಿ, ಕೆರೆ ಏರಿಯಾಚೆ ಬನ್ನಿ, ಬೇವು, ಹೊಂಗೆ, ಬಾರೆ, ಕರಿಜಾಲಿ, ಹುಣಸೆ ಹಾಕಿ.

ಐದನೆಯದು, ಕೆರೆ, ಗೋಮಾಳ, ಅರಣ್ಯ, ರೈಲ್ವೆ ಜಾಗಗಳಲ್ಲಿ ಪಂಚಾಯಿತಿ ಅಥವಾ ಆಯಾ ಇಲಾಖೆಯ ಒಪ್ಪಿಗೆ ಇಲ್ಲದೆ ಕೈ ಹಾಕಬೇಡಿ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ.

ಕಡೆಯದಾಗಿ, ಊರಿನಲ್ಲಿ ಇದನ್ನೇ ನಂಬಿ ಸೌದೆ ಮಾರುವ, ಇದ್ದಿಲು ಸುಡುವ ಮನೆಗಳು ಯಾವುವು ಎಂದು ಮೊದಲು ಕೇಳಿ. ತೆಗೆಯುವ ಕೆಲಸವನ್ನೂ ಅದರ ಕಟ್ಟಿಗೆಯನ್ನೂ ಅವರಿಗೇ ಕೊಟ್ಟರೆ ವಿರೋಧವೂ ಇರುವುದಿಲ್ಲ, ಅನ್ಯಾಯವೂ ಆಗುವುದಿಲ್ಲ.

ಬನ್ನಿ: ಮನೆಯ ಮರ

ಬನ್ನಿಗೆ ಸಂಸ್ಕೃತದಲ್ಲಿ ಮತ್ತು ಮರಾಠಿಯಲ್ಲಿ ಶಮಿ, ತೆಲುಗಿನಲ್ಲಿ ಜಮ್ಮಿ, ತಮಿಳಿನಲ್ಲಿ ವನ್ನಿ, ರಾಜಸ್ಥಾನದಲ್ಲಿ ಖೇಜಡಿ. ಅದು ರಾಜಸ್ಥಾನ ಮತ್ತು ತೆಲಂಗಾಣ ಎರಡರ ರಾಜ್ಯವೃಕ್ಷ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಈ ಮರಗಳನ್ನು ಉಳಿಸಲು ಅಮೃತಾದೇವಿಯೊಡನೆ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಆಮೇಲೆ ಅದೇ ಜೋಧಪುರದಲ್ಲಿ ಹೊರಗಿನಿಂದ ಬಂದ ಜಾಲಿಗೆ ರಾಜಮರವೆಂಬ ಪಟ್ಟ ಸಿಕ್ಕಿದ್ದು ಕಾಲದ ವೈಚಿತ್ರ್ಯ.

ಬನ್ನಿಯ ಅಡಿಯಲ್ಲಿ ಬೆಳೆ ಬೆಳೆಯುತ್ತದೆ. ರಾಜಸ್ಥಾನದ ರೈತರು ಸಜ್ಜೆ ಹೊಲದ ನಡುವೆಯೇ ಇದನ್ನು ಉಳಿಸಿಕೊಳ್ಳುತ್ತಾರೆ. ಎಲೆ ಒಳ್ಳೆಯ ಮೇವು, ಎಳೆಗಾಯಿ ಸಾಂಗ್ರಿ ಎಂಬ ತರಕಾರಿ. ಬೆಳವಣಿಗೆ ಮಾತ್ರ ನಿಧಾನ. ಬಳ್ಳಾರಿ ಜಾಲಿ ಮೂರು ವರ್ಷದಲ್ಲಿ ಕೊಡುವ ಕಟ್ಟಿಗೆಯನ್ನು ಇದು ಕೊಡದು. ಅವಸರದ ಕಾಲದಲ್ಲಿ ಸೋತದ್ದೂ ಅದಕ್ಕೇ.

ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧ ಬಚ್ಚಿಟ್ಟದ್ದು ಶಮೀವೃಕ್ಷದಲ್ಲಿ ಎಂಬ ಕಥೆ ಎಲ್ಲರಿಗೂ ಗೊತ್ತು. ಮೈಸೂರಿನ ಜಂಬೂಸವಾರಿ ಕೊನೆಗೊಳ್ಳುವುದು ಬನ್ನಿಮಂಟಪದಲ್ಲಿ. ಆಲೂರು ಸೀಮೆಯ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ದಸರಾ ಜಾತ್ರೆಗೆ ಇಂದಿಗೂ ಬನ್ನಿ ಉತ್ಸವವೆಂದೇ ಹೆಸರು. ಸೊಲ್ಲಾಪುರ, ಜತ್ತದ ಕಡೆ ಮರಾಠಿ ನೆರೆಯವರು 'ಸೋನ' ಎಂದು ಆಪಟೆಯ ಎಲೆ ಹಂಚಿದರೆ, ನಮ್ಮವರು ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುತ್ತಾರೆ.

ಆದರೆ ಆ ಎಲೆ ಬರುವುದೆಲ್ಲಿಂದ? ಹಲವು ಊರುಗಳಲ್ಲಿ ಉಳಿದಿರುವುದು ಬನ್ನಿಕಟ್ಟೆಯ ಒಂದೇ ಮರ. ದಸರೆಯ ಹಿಂದಿನ ದಿನ ಅದನ್ನೇ ಎಲ್ಲರೂ ತರಿಯುತ್ತಾರೆ. ಪೇಟೆಯಲ್ಲಿ ಕೊಳ್ಳುವವರು ಯಾವ ಗಿಡದ ಸೊಪ್ಪೆಂದು ನೋಡುವುದೂ ಇಲ್ಲ.

ಆದ್ದರಿಂದ ಸದಸ್ಯರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಹಳೆಯ ಬನ್ನಿ ಮರ ಎಲ್ಲೆಲ್ಲಿ ಇದೆ, ಅದಕ್ಕೂ ಬಳ್ಳಾರಿ ಜಾಲಿಗೂ ನಿಮ್ಮ ಮನೆಯ ಹಿರಿಯರು ಯಾವ ಹೆಸರು ಹೇಳುತ್ತಾರೆ ಎಂದು ಕೇಳಿ ಬರೆದಿಡಿ. ಈ ವರ್ಷ ಬನ್ನಿ ತರಲು ಹೋದಾಗ ರೆಂಬೆ ಮುರಿಯದೆ ನಾಲ್ಕು ಎಲೆಯನ್ನಷ್ಟೇ ತನ್ನಿ. ಬೀಜ ಸಿಕ್ಕರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮಣ್ಣು ತುಂಬಿದ ಚೀಲದಲ್ಲಿ ಹಾಕಿ, ಮುಂದಿನ ಮಳೆಗಾಲಕ್ಕೆ ಶಾಲೆಯ ಅಂಗಳದಲ್ಲೋ ಗುಡಿಯ ಬಳಿಯೋ ನೆಡಿ. ಬಳ್ಳಾರಿ ಜಾಲಿಯನ್ನು ಯಾರೂ ನೆಡಬೇಕಾಗಿಲ್ಲ, ಅದು ತಾನಾಗಿ ಬರುತ್ತದೆ. ಬನ್ನಿಯನ್ನು ನಾವೇ ನೆಡಬೇಕು.